ನಿಕ್ಕಲ್ ಲೇಪದ ರಿವಾಲ್ವರನ್ನು ಪಡೆದ ಕಿರಿಯನಿಗೆ

ಹೊನ್ನಾಳಿ



ಚನ್ನಗಿರಿಯ ಅಡಕೆ ತೋಟದೊಡನೆ ನಿನ್ನ ಅಜ್ಜನವರ ನಿಕ್ಕಲ್ ಲೇಪದ ರಿವಾಲ್ವರೂ ಯಥಾವಿಧಿ ಲೈಸೆನ್ಸಿನೊಂದಿಗೆ ನಿನ್ನ ಪಾಲಿಗೆ ಬಂದುದನ್ನೂ, ಚುನಾವಣೆ ಮುಗಿದು ಠಾಣೆಯಿಂದ ಅದನ್ನು ಮರಳಿ ಪಡೆದಂದು ಸಿಲಿಂಡರಿನ ಮುಂಭಾಗದ ಕಪ್ಪು ಉಂಗುರಗಳನ್ನು ಕಂಡು ನೀನು ಕಳವಳಗೊಂಡುದನ್ನೂ ಬಲ್ಲೆನು. ನ್ಯಾಮತಿಯಿಂದ ಜಗಳೂರಿನವರೆಗೆ, ಹಿರಿಯರ ಆಯುಧವನ್ನು ಪಡೆದ ತರುಣರು, ಹುಣಸೆಹುಳಿ ಬೂದಿಗಳಿಂದ ಹಿತ್ತಾಳೆಯನ್ನು ಬೆಳಗುವ ಮನೆಯ ಅಭ್ಯಾಸವನ್ನೇ ಅದಕ್ಕೂ ಅನ್ವಯಿಸುವ ಸಂಭವವಿರುವುದರಿಂದ, ಈ ಪತ್ರವನ್ನು ಅವರೂ ಓದಲೆಂದು ಬರೆಯುತ್ತಿರುವೆನು.

ಆ ಉಂಗುರಗಳು ತುಕ್ಕಲ್ಲ. ಗುಂಡು ಹಾರುವಾಗ ಸಿಲಿಂಡರಿಗೂ ನಳಿಗೆಗೂ ನಡುವಣ ಕಿರುಸಂದಿಯಿಂದ ಚಿಮ್ಮುವ ಬಿಸಿ ಅನಿಲವು ಸೀಸದ ಸೂಕ್ಷ್ಮಕಣಗಳನ್ನೂ ಮದ್ದಿನ ಮಸಿಯನ್ನೂ ತಂದು ಅಲ್ಲಿ ಅಂಟಿಸುತ್ತದೆ. ಅದರಡಿಯ ನಿಕ್ಕಲ್ಲಾದರೋ ಕಾಗದಕ್ಕಿಂತಲೂ ತೆಳುವು. ಹಲವು ಆಯುಧಗಳಲ್ಲಿ ನಿಕ್ಕಲ್ಲಿನ ಕೆಳಗೆ ತಾಮ್ರದ ಪದರವೂ ಇರುವುದುಂಟು. ನಳಿಗೆಯ ತಾಮ್ರದ ಕರೆಯನ್ನು ಕರಗಿಸಲೆಂದು ಮಾರುವ ಅಮೋನಿಯಾ ಬೆರೆತ ದ್ರಾವಣವು ಲೇಪದ ಸಣ್ಣ ಬಿರುಕಿನಲ್ಲಿಳಿದು ಆ ತಾಮ್ರವನ್ನು ತಿಂದುಹಾಕಿದರೆ, ಮೇಲಣ ನಿಕ್ಕಲ್ ಹೊಪ್ಪಳೆಯಾಗಿ ಏಳುತ್ತದೆ. ಹುಳಿಪದಾರ್ಥಗಳು ಲೇಪವನ್ನು ಮಂಕುಗೊಳಿಸುವುದಲ್ಲದೆ ಸೀಸವನ್ನು ವಿಷಲವಣವಾಗಿ ಕರಗಿಸುತ್ತವೆ. ಸೀಸ ತೆಗೆಯಲೆಂದೇ ಅಂಗಡಿಯಲ್ಲಿ ದೊರೆಯುವ ಬಟ್ಟೆಯಲ್ಲಿಯೂ ಉಜ್ಜುವ ಪುಡಿಯಿದ್ದು, ಅದು ಕರೆಯೊಡನೆ ನಿಕ್ಕಲ್ಲನ್ನೂ ಸವೆಸುತ್ತದೆ. ಅದನ್ನು ನಾನು ಒಪ್ಪೆನು.

ಮೊದಲು ಗುಂಡುಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಡು. ಸಿಲಿಂಡರಿನ ಪ್ರತಿಯೊಂದು ರಂಧ್ರವೂ ಬರಿದಾಗಿದೆಯೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನಿಶ್ಚಯಿಸಿಕೊ. ಕೈಗವಸು ತೊಟ್ಟು, ಗಾಳಿಯಾಡುವ ಜಗಲಿಯಲ್ಲಿ ಕುಳಿತು, ಅಮೋನಿಯಾ ಇಲ್ಲದ ಬಂದೂಕಿನ ಎಣ್ಣೆಯಲ್ಲಿ ನೆನೆದ ಹತ್ತಿಬಟ್ಟೆಯನ್ನು ಸಿಲಿಂಡರಿನ ಮುಖದ ಮೇಲಿಟ್ಟು ಅರ್ಧ ಗಂಟೆ ಬಿಡು. ಅನಂತರ ನೈಲಾನಿನ ಹಲ್ಲುಜ್ಜುವ ಬ್ರಷ್ಷಿನಿಂದ, ಬಲ ಹಾಕದೆ, ಎಣ್ಣೆಯ ಪಸೆ ಆರದಂತೆ ನೋಡಿಕೊಳ್ಳುತ್ತ ಉಜ್ಜು. ಒರೆಸಿದ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತಿರುವವರೆಗೆ ಕರೆ ಬಿಡುತ್ತಿದೆಯೆಂದು ತಿಳಿ. ಕಂಚಿನ ಬ್ರಷ್ಷು ನಳಿಗೆಯ ಒಳಗೆ ಮಾತ್ರ ಸಲ್ಲುವುದು. ಸೀಸದ ಒಣಧೂಳು ಉಸಿರಿನೊಡನೆ ಒಳಸೇರುವ ವಿಷವಾದುದರಿಂದ, ಬಳಸಿದ ಬಟ್ಟೆಯನ್ನು ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ, ಸಾಬೂನಿನಿಂದ ಕೈ ತೊಳೆದಲ್ಲದೆ ಎಲೆಅಡಕೆಯನ್ನೂ ಮುಟ್ಟಬೇಡ.

ಇಷ್ಟಾದ ಮೇಲೂ ಉಂಗುರದ ಛಾಯೆ ಉಳಿದರೆ ಉಳಿಯಲಿ. ಅದರಿಂದ ಆಯುಧಕ್ಕೆ ಹಾನಿಯಿಲ್ಲ, ಮತ್ತೊಮ್ಮೆ ಗುಂಡು ಹಾರಿಸಿದೊಡನೆ ಅದು ಮರಳಿ ಬರತಕ್ಕದ್ದೇ. ತೇವವನ್ನು ಹಿಡಿದಿಡುವ ಚರ್ಮದ ಚೀಲದಲ್ಲಿ ರಿವಾಲ್ವರನ್ನು ಬಹುಕಾಲ ಇಡಬೇಡ. ಲೇಪವು ಈಗಾಗಲೇ ಸಿಪ್ಪೆಯೇಳುತ್ತಿದ್ದರೆ ಪಾತ್ರೆಗೆ ಕಲಾಯಿ ಹಾಕುವವನಲ್ಲಿಗಾಗಲಿ ಪರಿಚಯದ ಕಮ್ಮಾರನಲ್ಲಿಗಾಗಲಿ ಹೋಗದೆ, 1959ರ ಆಯುಧ ಅಧಿನಿಯಮದ ಮೇರೆಗೆ ದುರಸ್ತಿಯ ಲೈಸೆನ್ಸು ಪಡೆದವರಿಗೇ ಅದನ್ನು ತೋರಿಸು.

ಇಂತು ನಿನ್ನ ದೊಡ್ಡಪ್ಪ