ವಿಜಯಪುರದ ಸುರಂಗ ಬಾವಡಿ

ವಿಜಯಪುರದ ಹೆಸರೆತ್ತಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗೋಲಗುಮ್ಮಟ. ಅದರೊಳಗೆ ನಿಂತು ಪ್ರತಿಧ್ವನಿಯನ್ನು ಕೇಳಿ ಬೆರಗಾಗದವರಿಲ್ಲ. ಆದರೆ ಇಂಥ ಕಟ್ಟಡಗಳನ್ನು ಎಬ್ಬಿಸಿದ ಆ ಮಹಾನಗರವು ಕುಡಿಯುವ ನೀರನ್ನು ಎಲ್ಲಿಂದ ಪಡೆಯುತ್ತಿದ್ದಿತು? ಊರ ಬದಿಯಲ್ಲಿ ದೊಡ್ಡ ನದಿಯಿಲ್ಲ, ಮಳೆಯೂ ಕಡಿಮೆ, ನೆಲವನ್ನು ಅಗೆದರೆ ಸಿಕ್ಕುವುದು ಗಟ್ಟಿ ಕಪ್ಪು ಕಲ್ಲು. ಉತ್ತರವನ್ನು ನಾವು ಆ ಕಲ್ಲಿನೊಳಗೇ ಹುಡುಕಬೇಕು.

ಈ ಕಲ್ಲಿಗೆ ಬಸಾಲ್ಟ್ ಎಂದು ಹೆಸರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸವು ಪದರಪದರವಾಗಿ ಹೆಪ್ಪುಗಟ್ಟಿ ಇದು ಉಂಟಾಯಿತು. ಗಟ್ಟಿ ಪದರದೊಳಕ್ಕೆ ನೀರು ಸುಲಭವಾಗಿ ಇಳಿಯದು. ಆದರೆ ಬಿರುಕುಗಳಲ್ಲಿಯೂ ಶಿಥಿಲವಾದ ಪದರಗಳಲ್ಲಿಯೂ ಮಳೆಯ ನೀರು ಇಂಗಿ ನಿಲ್ಲುತ್ತದೆ. ಆದಿಲ್ ಶಾಹಿ ಅರಸರ ಕಾಲದ ಕುಶಲಿಗಳು ನಗರದ ಪಶ್ಚಿಮಕ್ಕಿರುವ ತೊರವಿಯಲ್ಲಿ ಇಂಥ ನೀರನ್ನು ಕಂಡುಕೊಂಡು, ನೆಲದೊಳಗೆ ಸುರಂಗವನ್ನು ಕೊರೆದರು. ಸುರಂಗಕ್ಕೆ ನಗರದ ಕಡೆಗೆ ಅಲ್ಪ ಇಳಿಜಾರನ್ನಿಟ್ಟರು. ನೀರು ತನ್ನ ಭಾರದಿಂದಲೇ ಹರಿಯಿತು. ಎತ್ತುವ ಶ್ರಮ ಬೇಕಾಗಲಿಲ್ಲ. ದಾರಿಯುದ್ದಕ್ಕೂ ತೋಡಿದ ನೇರ ಬಾವಿಗಳಿಂದ ಕೆಲಸಗಾರರಿಗೆ ಗಾಳಿ ದೊರೆಯುತ್ತಿದ್ದಿತು. ಮಣ್ಣನ್ನು ಮೇಲೆತ್ತಲೂ, ಮುಂದೆ ಹೂಳು ತೆಗೆಯಲೂ ಅವೇ ದಾರಿ. ಪಾರಸಿಕ ದೇಶದಲ್ಲಿ ಬಹು ಪ್ರಾಚೀನವಾದ ಈ ವಿಧಾನಕ್ಕೆ ಕರೇಜ್ ಎನ್ನುತ್ತಾರೆ.

ನಗರ ಬೆಳೆದಂತೆ ಈ ನೀರು ಸಾಲದಾಯಿತು. ಮಹಮ್ಮದ್ ಆದಿಲ್ ಶಾಹನು 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿ, ಮಣ್ಣಿನ ಕೊಳವೆಗಳ ಮೂಲಕ ನೀರನ್ನು ತಂದನು. ಇಲ್ಲೊಂದು ತೊಡಕುಂಟು. 10 ಮೀಟರು ಎತ್ತರದ ನೀರು ತನ್ನ ತಳದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರವನ್ನು ಹೇರುತ್ತದೆ. ತಗ್ಗಿಗೆ ಇಳಿದಂತೆ ಒತ್ತಡವೇರಿ ಮಣ್ಣಿನ ಕೊಳವೆ ಒಡೆದೀತು. ಅದಕ್ಕಾಗಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿದರು. ನೀರು ಗೋಪುರದಲ್ಲಿ ಮೇಲೇರಿ, ತೆರೆದ ತೊಟ್ಟಿಯಲ್ಲಿ ಗಾಳಿಯನ್ನು ಬಿಟ್ಟು, ಮತ್ತೊಂದು ಕೊಳವೆಯಲ್ಲಿ ಕೆಳಗಿಳಿಯುತ್ತಿದ್ದಿತು. ಒತ್ತಡವು ಅಲ್ಲಿಗೆ ತಗ್ಗುವುದು. ಕೆಸರೂ ತಳದಲ್ಲಿ ನಿಲ್ಲುವುದು. 8ರಿಂದ 12 ಮೀಟರು ಎತ್ತರದ ಈ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ.

ಇವಲ್ಲದೆ ಊರೊಳಗೆ ದೊಡ್ಡ ಬಾವಡಿಗಳಿದ್ದವು. ಚಾಂದ್ ಬಾವಡಿ 1579ರದು. ತಾಜ್ ಬಾವಡಿ 1620ರದು. ತಾಜ್ ಬಾವಡಿಯ ಕೊಳವು ಸುಮಾರು 68 ಮೀಟರು ಚಚ್ಚೌಕವಾಗಿದೆ.

1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದನು. ರಾಜ್ಯ ಹೋಯಿತು, ಊರು ಸೊರಗಿತು. ಮುಂದೆ ಮನೆಗೆ ನಲ್ಲಿ ಬಂದಾಗ ಜನರು ಬಾವಡಿಗಳನ್ನು ಮರೆತರು. ಕೊಳಗಳು ಕಸದಿಂದ ತುಂಬಿದವು. ತಾಜ್ ಬಾವಡಿಯಲ್ಲಿ ಗಣೇಶ ಮೂರ್ತಿಗಳನ್ನು ವಿಸರ್ಜಿಸುವುದೂ ರೂಢಿಯಾಯಿತು. ಊರಿನ ಇತಿಹಾಸಪ್ರಿಯರು ಬಹುಕಾಲ ಕೂಗಿ ಹೇಳಿದ ಬಳಿಕ, 2017ರ ಸುಮಾರಿಗೆ ಸರ್ಕಾರವು ಹಲವು ಬಾವಡಿಗಳ ಹೂಳೆತ್ತಿಸಿತು. ತಳದಲ್ಲಿ ತಿಳಿನೀರು ಮತ್ತೆ ಕಂಡಿತು. ತೊರವಿಯ ಸುರಂಗ ಬಾವಡಿಯು ವಿಶ್ವ ಸ್ಮಾರಕ ನಿಧಿಯ 2020ರ ಗಮನಪಟ್ಟಿಯಲ್ಲಿ, ಜಗತ್ತಿನ 25 ತಾಣಗಳಲ್ಲಿ ಒಂದಾಗಿ ಸೇರಿತು.

ಇಷ್ಟಕ್ಕೆ ಕೆಲಸ ಮುಗಿಯಿತೆ? ಬಾವಡಿಯ ಮೆಟ್ಟಿಲನ್ನು ತೊಳೆದು, ಮೇಲಿನ ಹೊಲದಲ್ಲಿರುವ ಗಾಳಿಬಾವಿಗೆ ಮಣ್ಣು ತುಂಬಿದರೆ, ಬೇರನ್ನು ಕಡಿದು ಎಲೆಗೆ ನೀರು ಚಿಮುಕಿಸಿದಂತೆಯೇ ಸರಿ. ನೀರಿಂಗುವ ನೆಲ, ಸುರಂಗ, ಗೋಪುರ, ಕೊಳ ಇವೆಲ್ಲ ಒಂದೇ ಯಂತ್ರದ ಅಂಗಗಳು. ತನ್ನ ಹೊಲದ ಗಾಳಿಬಾವಿಯನ್ನು ಮುಚ್ಚದೆ ಬಿಟ್ಟ ರೈತನೂ, ಕೊಳಕ್ಕೆ ಕಸ ಚೆಲ್ಲದ ಗೃಹಿಣಿಯೂ ಈ ಯಂತ್ರದ ಕಾವಲುಗಾರರೇ.

ತೊರವಿಯಿಂದ ಮುಂದೆ ಸಾಗಿದರೆ ತಿಕೋಟಾ, ಬಬಲೇಶ್ವರದ ಸೀಮೆ. ಅಲ್ಲಿಯೂ ಇದೇ ಕಲ್ಲು, ಇದೇ ಮಳೆ. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಆ ಸೀಮೆಯತ್ತ ಏರಿ ಬರುತ್ತಿದೆ. ಅದಕ್ಕೆ ವಿದ್ಯುತ್ತು ಬೇಕು. ಕಾಲಡಿಯ ನೀರಾದರೋ ನಾವೆಲ್ಲ ಕೂಡಿ ಅನುಭವಿಸುವ ಸೊತ್ತು. ಒಬ್ಬನ ಕೊಳವೆಬಾವಿ ಆಳಕ್ಕಿಳಿದರೆ ನೆರೆಯವನ ಬಾವಿ ಬತ್ತೀತು. ನೀರನ್ನು ಇಂಗಿಸಿ, ಹಂಚಿಕೊಂಡು ಬಳಸುವುದನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆದು ತೋರಿಸಿದ್ದಾರೆ. ಆ ಪಾಠವು ಮಣ್ಣಿನಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳುವ ಹೊಣೆ ನಮ್ಮದು.