ಮಾಕಳಿ ಬೇರು ಮತ್ತು ಹವಾಮಾನದ ನಕ್ಷೆ

ಔಷಧಿಯ ಗುಣವನ್ನು ಅರಿಯಬೇಕಾದರೆ ಅದು ಹುಟ್ಟುವ ನೆಲವನ್ನೂ ಅರಿಯಬೇಕೆಂಬುದು ಆಯುರ್ವೇದದ ನಿಲುವು. ಆದುದರಿಂದಲೇ ಪ್ರಾಚೀನ ವೈದ್ಯರು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ದೇಶಗಳಾಗಿ ವಿಂಗಡಿಸಿದರು. ಮಳೆ ಕಡಿಮೆಯಾಗಿ ಗಾಳಿ ಬಿಸಿಲುಗಳು ಹೆಚ್ಚಾಗಿರುವ ನಮ್ಮ ಗಿಣಿಗೇರಾ, ಕೊಪ್ಪಳದ ಸೀಮೆಯು ಜಾಂಗಲ ದೇಶದ ಲಕ್ಷಣವುಳ್ಳದ್ದು. ಅದೇ ವಿಚಾರವನ್ನು ಇಂದಿನ ವಿಜ್ಞಾನಿಗಳು ಗಣಕಯಂತ್ರದ ನೆರವಿನಿಂದ ಹೇಗೆ ಮುಂದುವರಿಸುತ್ತಿದ್ದಾರೆಂಬುದನ್ನು ಮಾಕಳಿ ಬೇರಿನ ನಿದರ್ಶನದಿಂದ ತಿಳಿಯೋಣ.

ಮಾಕಳಿಯು ದಕ್ಷಿಣ ಭಾರತದ ಒಣ ಬೆಟ್ಟಗಳಲ್ಲಿ, ಬಂಡೆಗಳ ಸಂದಿನಲ್ಲಿ ಬೆಳೆಯುವ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ. ಸುವಾಸನೆಯುಳ್ಳ ಇದರ ದಪ್ಪ ಬೇರಿನ ಸಿಪ್ಪೆಯನ್ನೂ ನಡುವಿನ ಗಟ್ಟಿ ನಾರನ್ನೂ ತೆಗೆದು ಉಪ್ಪಿನಕಾಯಿ ಹಾಕುವರು. ಇದು ಹಸಿವನ್ನು ಹೆಚ್ಚಿಸಿ ದೇಹದ ಉಷ್ಣವನ್ನು ತಣಿಸುವುದೆಂದು ಹಿರಿಯರ ನಂಬುಗೆ. ಮಾರುಕಟ್ಟೆಯಲ್ಲಿ ಸೊಗದೆ ಬೇರಿಗೆ ಬದಲಾಗಿಯೂ ಇದು ಮಾರಾಟವಾಗುತ್ತದೆ. ಬೇಕಾಗಿರುವುದು ಬೇರೇ ಆದುದರಿಂದ, ಅದನ್ನು ಪೂರ್ತಿಯಾಗಿ ಅಗೆದಾಗ ಬಳ್ಳಿಯೇ ಸಾಯುತ್ತದೆ. ಇಂದು ಈ ಸಸ್ಯವು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯಕ್ಕೊಳಗಾದ ಸಸ್ಯಗಳ ಸಾಲಿನಲ್ಲಿದೆ.

ಇಂಥ ಸಸ್ಯಕ್ಕೆ ಯೋಗ್ಯವಾದ ನೆಲೆ ಎಲ್ಲೆಲ್ಲಿದೆ ಎಂಬುದನ್ನು ಕಂಡುಹಿಡಿಯುವ ಕ್ರಮ ಹೀಗಿದೆ. ಮೊದಲು ಸಸ್ಯ ಕಂಡ ಸ್ಥಳಗಳ ಅಕ್ಷಾಂಶ, ರೇಖಾಂಶಗಳನ್ನು ಗುರುತಿಸುತ್ತಾರೆ. ಬಳಿಕ ನಾಡಿನ ನಕ್ಷೆಯನ್ನು ಸುಮಾರು 1 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಭಾಗಿಸಿ, ಉಷ್ಣತೆ ಮತ್ತು ಮಳೆಯಿಂದ ಲೆಕ್ಕ ಹಾಕಿದ 19 ಅಂಶಗಳನ್ನು ಪ್ರತಿ ಚೌಕಕ್ಕೂ ಜೋಡಿಸುತ್ತಾರೆ. 2006ರಲ್ಲಿ ಪ್ರಕಟವಾದ ಮ್ಯಾಕ್ಸೆಂಟ್ ಮೊದಲಾದ ವಿಧಾನಗಳು ಸಸ್ಯವಿರುವ ಚೌಕಗಳ ಹವೆಯನ್ನು ಪರಿಶೀಲಿಸಿ, ಅಂಥದೇ ಹವೆ ಇನ್ನೆಲ್ಲಿದೆ ಎಂಬುದನ್ನು ತೋರಿಸುತ್ತವೆ. ಮುಂದಿನ ದಶಕಗಳ ಅಂದಾಜು ಹವೆಯನ್ನು ಕೊಟ್ಟರೆ, ಯೋಗ್ಯ ನೆಲೆಯು ಎತ್ತ ಸರಿಯಬಹುದೆಂಬುದೂ ತಿಳಿಯುತ್ತದೆ.

ಇಲ್ಲಿ ಮಳೆಯ ಮೊತ್ತದಷ್ಟೇ ಅದರ ಕಾಲವೂ ಮುಖ್ಯ. ಎರಡು ಊರುಗಳಿಗೆ ವರ್ಷದಲ್ಲಿ ಸಮನಾಗಿ ಮಳೆಯಾಗಬಹುದು. ಒಂದರಲ್ಲಿ ಮುಂಗಾರಿನ ಆರಂಭದಲ್ಲಿ, ಇನ್ನೊಂದರಲ್ಲಿ ನಮ್ಮಲ್ಲಿಯಂತೆ ಉತ್ತರಿ ಮಳೆಯ ಹೊತ್ತಿಗೆ ಹೆಚ್ಚು ಬೀಳಬಹುದು. ಸಸ್ಯಕ್ಕೆ ಇವೆರಡೂ ಒಂದೇ ಅಲ್ಲ.

ಆದರೆ ನಕ್ಷೆಗೂ ಮಿತಿಯಿದೆ. ಗಿಣಿಗೇರಾದ ಚೌಕವು ಯೋಗ್ಯವೆಂದು ಕಂಡರೆ ಇಲ್ಲಿ ಮಾಕಳಿ ಇದೆಯೆಂದು ಅರ್ಥವಲ್ಲ. ಹವೆ ಅಡ್ಡಿಯಾಗದೆಂದಷ್ಟೇ ಅರ್ಥ. ಚೌಕದ ಸರಾಸರಿಯಲ್ಲಿ ಬಂಡೆಯ ಸಂದಿನ ನೆರಳು, ತೇವಗಳು ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಕ್ಷೆಗೆ ಗುದ್ದಲಿಯ ಅರಿವಿಲ್ಲ. ಸಸ್ಯವು ಅಗೆತದಿಂದ ಬರಿದಾದ ಬೆಟ್ಟಗಳ ದಾಖಲೆ ಇಲ್ಲದೆ ಹೋದರೆ, ಆ ಬೆಟ್ಟಗಳ ಹವೆಯೇ ಸಸ್ಯಕ್ಕೆ ಒಗ್ಗದೆಂದು ಗಣಕವು ತಪ್ಪಾಗಿ ಎಣಿಸಬಹುದು. ಆದುದರಿಂದ ನಕ್ಷೆಯನ್ನು ನೋಡಿದವರು ಬೆಟ್ಟವನ್ನೂ ಹತ್ತಿ ನೋಡಬೇಕು, ಊರಿನ ಹಿರಿಯರನ್ನೂ ಕೇಳಬೇಕು.

ಮಳೆ ಬಿಸಿಲುಗಳು ನಮ್ಮ ಅಧೀನವಲ್ಲ. ಕೊಳ್ಳುವುದು, ಬಿಡುವುದು ನಮ್ಮ ಅಧೀನ. ಮಾಕಳಿ ಬೇರನ್ನು ಕೊಳ್ಳುವಾಗ ಅದು ಬೆಳೆಸಿದ್ದೋ ಕಾಡಿನಿಂದ ಅಗೆದದ್ದೋ ಎಂದು ವಿಚಾರಿಸೋಣ, ಕಾಡಿನದಾದರೆ ಬಿಡೋಣ. ಔಷಧಿಯಾಗಿ ಸೇವಿಸುವವರು ವೈದ್ಯರ ಸಲಹೆ ಪಡೆಯಲಿ. ಅನುಕೂಲವುಳ್ಳವರು ಸಸಿ ತಂದು, ನೀರು ನಿಲ್ಲದ ಕಲ್ಲುಮಣ್ಣಿನಲ್ಲಿ ಬೆಳೆಸಿ ನೋಡಲಿ. ಹವೆ ಒಪ್ಪಿದ ನೆಲದಲ್ಲಿಯೂ ಬಳ್ಳಿ ಉಳಿಯುವುದು ಬೇರನ್ನು ನೆಲದಲ್ಲಿ ಬಿಟ್ಟಾಗ ಮಾತ್ರ.