ಗಣಕಜಾಲದ ವಿನ್ಯಾಸಗಳು

ಒಂದೇ ದಾರಿಯಿರುವ ಊರಿನ ಸೇತುವೆಯು ಮಳೆಗಾಲದಲ್ಲಿ ಮುಳುಗಿದರೆ ಆ ಊರಿಗೆ ಹೊರಗಿನ ಸಂಪರ್ಕವೇ ತಪ್ಪಿಹೋಗುತ್ತದೆ. ಎರಡು ದಾರಿಗಳಿರುವ ಊರಿಗೆ ಈ ಭಯವಿಲ್ಲ. ಗಣಕಯಂತ್ರಗಳ ಜಾಲಕ್ಕೂ ಈ ಮಾತು ಸಲ್ಲುತ್ತದೆ. ಮಾಹಿತಿಯ ವಿನಿಮಯಕ್ಕಾಗಿ ಪರಸ್ಪರ ಜೋಡಿಸಲ್ಪಟ್ಟ ಗಣಕಗಳ ಸಮೂಹವನ್ನು ಗಣಕಜಾಲವೆನ್ನುವರು. ಅವುಗಳನ್ನು ಜೋಡಿಸುವ ಕ್ರಮವೇ ಜಾಲದ ವಿನ್ಯಾಸ. ಇಂತಹ ವಿನ್ಯಾಸಗಳಲ್ಲಿ ನಾಲ್ಕು ಮುಖ್ಯವಾದವು.

ಬಸ್ ವಿನ್ಯಾಸದಲ್ಲಿ ಉದ್ದನೆಯ ಒಂದೇ ಕೇಬಲ್ಲಿಗೆ ಎಲ್ಲ ಗಣಕಗಳನ್ನೂ ಜೋಡಿಸಲಾಗುತ್ತದೆ. 1973ರಲ್ಲಿ ಅಮೆರಿಕದ ರಾಬರ್ಟ್ ಮೆಟ್‌ಕಾಫ್ ಅವರು ಯೋಜಿಸಿದ ಈಥರ್‌ನೆಟ್ ಮೊದಲಿಗೆ ಈ ಬಗೆಯದಾಗಿತ್ತು. ಇದಕ್ಕೆ ವೆಚ್ಚ ಕಡಿಮೆ. ಆದರೆ ಎರಡು ಗಣಕಗಳು ಏಕಕಾಲದಲ್ಲಿ ಕಳುಹಿಸಿದ ಸಂದೇಶಗಳು ಒಂದರೊಡನೊಂದು ಬೆರೆತು ಕೆಡುತ್ತವೆ. ಅವುಗಳನ್ನು ಮತ್ತೆ ಕಳುಹಿಸಬೇಕಾಗುತ್ತದೆ. ಕೇಬಲ್ಲು ಒಂದೆಡೆ ತುಂಡಾದರಂತೂ ಜಾಲವೇ ಸ್ತಬ್ಧವಾಗುತ್ತದೆ.

ಉಂಗುರ ವಿನ್ಯಾಸದಲ್ಲಿ ಪ್ರತಿಯೊಂದು ಗಣಕವೂ ತನ್ನ ಎಡಬಲದ ಗಣಕಗಳೊಡನೆ ಮಾತ್ರ ಕೂಡಿರುತ್ತದೆ. ಸರದಿ ಬಂದ ಗಣಕವಷ್ಟೇ ಸಂದೇಶವನ್ನು ಕಳುಹಿಸುವ ನಿಯಮವಿದ್ದಲ್ಲಿ ಸಂದೇಶಗಳು ಬೆರೆಯುವುದಿಲ್ಲ. ಆದರೆ ಸರಳವಾದ ಉಂಗುರದಲ್ಲಿ ಒಂದು ಕೊಂಡಿ ಕಳಚಿದರೂ ಸುತ್ತು ನಿಲ್ಲುತ್ತದೆ.

ನಕ್ಷತ್ರ ವಿನ್ಯಾಸದಲ್ಲಿ ಪ್ರತಿ ಗಣಕದಿಂದಲೂ ಪ್ರತ್ಯೇಕವಾದ ತಂತಿಯೊಂದು ನಡುವಣ ಸ್ವಿಚ್ ಎಂಬ ಉಪಕರಣವನ್ನು ಸೇರುತ್ತದೆ. ಇಂದು ಶಾಲೆ, ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವುದು ಇದನ್ನೇ. ಒಂದು ತಂತಿ ಕಡಿದರೆ ಒಂದು ಗಣಕ ಮಾತ್ರ ದೂರವಾಗುತ್ತದೆ. ನಡುವಣ ಸ್ವಿಚ್ಚೇ ಕೆಟ್ಟರೆ ಎಲ್ಲವೂ ಮೂಕವಾಗುತ್ತವೆ.

ಹಾಗಾದರೆ ಪ್ರತಿಯೊಂದು ಗಣಕವನ್ನೂ ಉಳಿದೆಲ್ಲವುಗಳಿಗೆ ನೇರವಾಗಿ ಜೋಡಿಸಬಾರದೇಕೆ? ಹತ್ತು ಗಣಕಗಳಿಗೆ ನಕ್ಷತ್ರ ವಿನ್ಯಾಸದಲ್ಲಿ 10 ತಂತಿಗಳು ಸಾಕು. ಹೀಗೆ ಜೋಡಿಸಲು 45 ಬೇಕು! ಆದುದರಿಂದ ದೊಡ್ಡ ಜಾಲಗಳಲ್ಲಿ ಕೆಲವನ್ನಷ್ಟೇ ನೇರವಾಗಿ ಜೋಡಿಸಿ, ಸಂದೇಶಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿರುವಂತೆ ಮಾಡುವರು. ಇದೇ ಬಲೆ ವಿನ್ಯಾಸ. ಇಂತಹ ಜಾಲದ ಹಲವು ಭಾಗಗಳು ನಾಶವಾದರೂ ಉಳಿದವು ಕೆಲಸ ಮಾಡಬಲ್ಲವೆಂದು ಅಮೆರಿಕದ ಪಾಲ್ ಬರಾನ್ ಅವರು 1964ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ತೋರಿಸಿಕೊಟ್ಟರು.

1969ರಲ್ಲಿ ಆ ದೇಶದಲ್ಲಿ ಆರಂಭವಾದ ಆರ್ಪಾನೆಟ್ ಜಾಲದಲ್ಲಿ ವರ್ಷದ ಕೊನೆಗೆ ನಾಲ್ಕು ಕೇಂದ್ರಗಳಿದ್ದವು. ಲಾಸ್ ಏಂಜಲೀಸ್, ಸಾಂಟಾ ಬಾರ್ಬರಾಗಳ ವಿಶ್ವವಿದ್ಯಾನಿಲಯಗಳೂ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯೂ ತ್ರಿಕೋನವಾಗಿ ಕೂಡಿದ್ದವು. ಅವುಗಳ ನಡುವಣ ಒಂದು ತಂತಿ ಕಡಿದರೂ ಸಂದೇಶಕ್ಕೆ ಬಳಸುದಾರಿಯಿತ್ತು. ಯೂಟಾ ವಿಶ್ವವಿದ್ಯಾನಿಲಯಕ್ಕಾದರೋ ಸ್ಟ್ಯಾನ್‌ಫರ್ಡಿನಿಂದ ಬಂದ ಒಂದೇ ತಂತಿ ಆಧಾರ. ಅದು ಒಂದೇ ದಾರಿಯ ಊರಾಗಿತ್ತು.

ಎಲ್ಲ ಗುಣಗಳೂ ಒಂದೇ ವಿನ್ಯಾಸದಲ್ಲಿ ದೊರೆಯುವುದಿಲ್ಲ. ದಾರಿಗಳು ಹೆಚ್ಚಿದಂತೆ ಭದ್ರತೆಯೂ ವೆಚ್ಚವೂ ಹೆಚ್ಚುತ್ತವೆ. ಯಾವ ಕೊಂಡಿ ಮುರಿದರೆ ಯಾರ ಕೆಲಸ ನಿಲ್ಲುವುದೆಂದು ಮೊದಲೇ ಯೋಚಿಸಿ ಜಾಲವನ್ನು ಕಟ್ಟುವುದೇ ಜಾಣತನ.